ಎಡಗಣ್ಣು ಮುಚ್ಚು

ನನ್ನ ಎಡಗಣ್ಣಿಗೆ ಈಗ ಬೆಳಕು ಕಾಣುತ್ತದೆ, ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಅದನ್ನು ಹಾಗೆ ಮಾಡಿದವನು ನನ್ನ ಒಡಹುಟ್ಟಿದ ಅಣ್ಣ. ಕಾರವಾರದ ಪೇಟೆಯೊಳಗೆ, ಹಾಡಹಗಲು, ನಾಲ್ಕು ಜನ ನೋಡುತ್ತಿರುವಾಗಲೇ ಪೂಲ್ ಆಡುವ ಕೋಲಿನ ದಪ್ಪ ತುದಿಯಿಂದ ಕುಟ್ಟಿದ. ಅದಕ್ಕೆ ಮೊದಲು ನಾನು ಅದೇ ಜಾತಿಯ ಕೋಲಿನಿಂದ ಅವನ ಪಕ್ಕೆಗೆ ಬಾರಿಸಿದ್ದೆ ಎಂಬುದೂ ನಿಜ. ಬಾರಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಕೇಳಿದರೂ ಇಲ್ಲ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಒಬ್ಬೊಬ್ಬರ ಕೈಯಲ್ಲೂ ಬಿಸ್ಕಿಟ್ ಪೊಟ್ಟಣ, ಬಾಯಲ್ಲಿ ಅದೇ ಸಮಾಧಾನ. "ದೇವ್ರು ದೊಡ್ಡವ ಮಾರಾಯಾ. ಹೋದ್ರೆ ಎಡಗಣ್ಣು ಹೋಯ್ತು, ಬಲಗಣ್ಣು ಉಳೀತಲ್ಲಾ!" ನನ್ನ ಹೆತ್ತ ಆಯಿಯೂ ಅದನ್ನೇ ಹೇಳಿದಳು. ನಾನು ಪಟ್ಟಿ ಕಟ್ಟಿದ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹಲ್ಲು ಕಚ್ಚಿಕೊಂಡು ಮಲಗಿದೆ. ಬಿಸ್ಕಿಟ್ ತಂದವರನ್ನು ಒದ್ದು ಹೊರಗೆ ಹಾಕಬೇಕು ಅನ್ನಿಸುತ್ತಿತ್ತು. ನನ್ನ ಗುರಿಯ ಕಣ್ಣು ಅದೇ ಆಗಿತ್ತು, ಉಳಿದದ್ದು ಬರೀ ಜೊತೆಗಿರುವ ಕಣ್ಣು ಎಂದು ಇವರಿಗೆ ಹೇಗೆ ತಿಳಿಸುವುದು?

ತಿಳಿಸಬೇಕಾದರೆ ಅಪ್ಪನಿಂದಲೇ ಶುರು ಮಾಡಬೇಕು.

ಅಪ್ಪ ಕಾರವಾರದ ಬೈತಖೋಲ ಬಂದರಿನಲ್ಲಿ ತಾಂಡೇಲನಾಗಿದ್ದ. ತಾಂಡೇಲ ಎಂದರೆ ಚುಕ್ಕಾಣಿ ಹಿಡಿದು ದೋಣಿ ನಡೆಸುವವನು, ದೋಣಿಯ ಮೇಲಿನ ಎಲ್ಲರಿಗೂ ಯಜಮಾನ. ನೀರಿನಡಿಯ ಬಂಡೆಗೆ ಸಿಕ್ಕರೆ ಬಲೆ ಚಿಂದಿಯಾಗುತ್ತದೆ. ಬಂಡೆ ಎಲ್ಲಿದೆ ಎಂದು ತಿಳಿಯಲು ಹಿಂದಿನವರು ದಡವನ್ನು ನೋಡುತ್ತಿದ್ದರು. ಗುಡ್ಡದ ಬೋಳು ನೆತ್ತಿಯೂ ಬಂದರಿನ ದೀಪದ ಕಂಬವೂ ಒಂದರ ಹಿಂದೆ ಒಂದು ನಿಂತವೆಂದರೆ ಬಂಡೆಯ ಹತ್ತಿರ ಬಂದಿದ್ದೇವೆ, ಬಲೆ ಎತ್ತು ಎಂದರ್ಥ. ಹಾಗೆ ಗೆರೆ ಹಿಡಿಯುವಾಗ ಒಂದು ಕಣ್ಣು ಮುಚ್ಚಬೇಕು. ನಮ್ಮ ಮನೆಯಲ್ಲಿ ಮುಚ್ಚುವುದು ಎಡಗಣ್ಣು. ಯಾಕೆ ಎಡಗಣ್ಣು ಎಂದು ಕೇಳಿದವರಿಲ್ಲ. ಊಟ ಬಲಗೈಯಲ್ಲಿ, ದೋಣಿಗೆ ಮೊದಲು ಇಡುವುದು ಬಲಗಾಲು, ನೋಡುವುದು ಬಲಗಣ್ಣಿನಲ್ಲಿ. ಎಡದ್ದು ಯಾವುದೂ ಅಪ್ಪನಿಗೆ ಆಗಿಬರುತ್ತಿರಲಿಲ್ಲ.

ಅಪ್ಪನ ಸೊಂಟದಲ್ಲಿ ಒಂದು ತುಂಡು ಹಗ್ಗ ಇರುತ್ತಿತ್ತು. ತುದಿಗೆ ಗಂಟು, ಉಪ್ಪುನೀರು ಕುಡಿದು ಕಲ್ಲಾದ ಗಂಟು. "ಎಡಗಣ್ಣು ಮುಚ್ಚಾ!" ಎಂದು ಒಂದು ಸಲ ಹೇಳುತ್ತಿದ್ದ. ಎರಡನೆಯ ಸಲ ಹಗ್ಗವೇ ಹೇಳುತ್ತಿತ್ತು. ಅಣ್ಣ ದೊಡ್ಡವನು, ಚುಕ್ಕಾಣಿ ಅವನಿಗೆ ಬರಬೇಕಾದದ್ದು, ಆದ್ದರಿಂದ ಅವನಿಗೆ ಹೆಚ್ಚು ಬಿತ್ತು. ಪಾಪ, ಅವನಿಗೆ ಎಡಗಣ್ಣು ಮುಚ್ಚಿಡಲು ಬರುತ್ತಲೇ ಇರಲಿಲ್ಲ. ಮುಚ್ಚಿದರೆ ರೆಪ್ಪೆ ಪಟಪಟ ನಡುಗಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಅಪ್ಪ ಅದರ ಮೇಲೆ ಬಟ್ಟೆ ಕಟ್ಟಿದ. ಆಮೇಲೆ ಬಟ್ಟೆಯ ಮೇಲೆ ತನ್ನ ಅಂಗೈ ಒತ್ತಿ ಹಿಡಿದ, ಅಣ್ಣ ಕೂಗುವವರೆಗೆ. ಮನೆಗೆ ಬಂದ ಮೇಲೆ ಆಯಿ ತೆಂಗಿನೆಣ್ಣೆ ಹಚ್ಚಲು ಕರೆದರೆ ಅಂಗಿ ಬಿಚ್ಚಲು ಒಪ್ಪುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

ಅಪ್ಪನಿಂದ ಅಣ್ಣನಿಗೆ ಬಂದದ್ದು ಸಂಜೆಯೊಳಗೆ ನನಗೆ ತಲುಪುತ್ತಿತ್ತು. ಅಣ್ಣ ನನ್ನನ್ನು ಬಂದರಿನ ಕಲ್ಲುಗಳ ಮೇಲೆ ನಿಲ್ಲಿಸಿ ಅದೇ ಪಾಠ ಮಾಡುತ್ತಿದ್ದ, ಅದೇ ಧ್ವನಿಯಲ್ಲಿ, ಅದೇ ಮಾತಿನಲ್ಲಿ. ಹಗ್ಗ ಇಲ್ಲದಿದ್ದರೆ ಕೈ, ಕೈ ನೋವಾದರೆ ಕಾಲು. ನಾನು ಬೇಗ ಕಲಿತೆ, ಯಾಕೆಂದರೆ ಹೊಡೆತ ತಿನ್ನುವುದಕ್ಕಿಂತ ಹೊಡೆಯುವುದು ನನಗೆ ಹೆಚ್ಚು ಇಷ್ಟ. ಅವನ ಮುಂಗೈ ಕಚ್ಚಿದ ಗುರುತು ಈಗಲೂ ಇದೆ.

ಅಪ್ಪ ತೀರಿಹೋದ. ಅಣ್ಣ ತಾಂಡೇಲನಾದ, ನಾನು ಅದೇ ದೋಣಿಯಲ್ಲಿ ಬಲೆ ಎಳೆಯುವವನಾದೆ. ಈಗ ದೋಣಿಯಲ್ಲಿ ಜಿಪಿಎಸ್ ಇದೆ, ಬಂಡೆಯ ಜಾಗ ಪರದೆಯ ಮೇಲೆ ಚುಕ್ಕೆಯಾಗಿ ಕಾಣುತ್ತದೆ. ಆದರೂ ಬಂದರಿಗೆ ಬರುವಾಗ ಅಣ್ಣ ಕಂಬ ನೋಡಿ, ತಾನಾಗಿ ಮುಚ್ಚದ ಎಡಗಣ್ಣನ್ನು ಅಂಗೈಯಿಂದ ಮುಚ್ಚುತ್ತಿದ್ದ. ನಾನೂ ಮುಚ್ಚುತ್ತಿದ್ದೆ. ರೆಪ್ಪೆಗೆ ಹಗ್ಗದ ನೆನಪಿತ್ತು.

ಮಳೆಗಾಲದಲ್ಲಿ ನಮ್ಮದರಂಥ ಯಂತ್ರದ ದೋಣಿಗಳಿಗೆ, ಟ್ರಾಲರುಗಳಿಗೆ, ಮೀನು ಹಿಡಿಯುವುದು ಬಂದ್. ಕೈಕಾಲು ಗಟ್ಟಿಯಿರುವ ಗಂಡಸರೆಲ್ಲ ಕೆಲಸವಿಲ್ಲದೆ ಬೈತಖೋಲದಲ್ಲಿ ಕೂತಿರುತ್ತೇವೆ, ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ. ಆಗ ಹೋಗುವುದು ಪೇಟೆಯ ಪೂಲ್ ಪಾರ್ಲರಿಗೆ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಅಂಚಿನ ಪಾಕೆಟ್ಟುಗಳಿಗೆ ಬೀಳಿಸುವ ಆಟಕ್ಕೆ. ನಾನು ಆ ಮೇಜನ್ನು ಎಷ್ಟು ಪ್ರೀತಿಸಿದೆನೋ ಅಷ್ಟೇ ದ್ವೇಷಿಸಿದೆ. ನನ್ನ ಕೋಲನ್ನು ಬಲಗಣ್ಣಿನ ಕೆಳಗೆ ಹಿಡಿಯುತ್ತಿದ್ದೆ, ಎಡಗಣ್ಣು ಮುಚ್ಚಿ ಗೆರೆ ನೋಡುತ್ತಿದ್ದೆ. ಗೆರೆ ಸರಿಯೇ ಇರುತ್ತಿತ್ತು. ಹೊಡೆಯಲು ಬಗ್ಗಿದಾಗ ಎಡಗಣ್ಣು ತಾನಾಗಿ ತೆರೆಯುತ್ತಿತ್ತು, ತೆರೆದ ಕೂಡಲೇ ಚೆಂಡು ಪಕ್ಕಕ್ಕೆ ಸರಿದು ನಿಂತಂತೆ ಕಾಣುತ್ತಿತ್ತು. ಕೈ ಗಲಿಬಿಲಿಯಾಗಿ ಹೊಡೆತ ಎಡಕ್ಕೆ ಹೋಗುತ್ತಿತ್ತು. ಸದಾ ಎಡಕ್ಕೆ. ಸಮುದ್ರದಲ್ಲಿ ಎರಡು ಬೆರಳು ತಪ್ಪಿದರೆ ಕೇಳುವವರಿಲ್ಲ. ಪೂಲ್ ಮೇಜಿನ ಮೇಲೆ ಅಕ್ಕಿಕಾಳಿನಷ್ಟು ತಪ್ಪಿದರೂ ಚೆಂಡು ಪಾಕೆಟ್ಟಿನ ಬಾಯಿಗೆ ಬಡಿದು ವಾಪಸ್ ಬರುತ್ತದೆ.

ಅಣ್ಣನ ಆಟ ಬೇರೆ. ಅವನು ಗುರಿ ಇಡುತ್ತಲೇ ಇರಲಿಲ್ಲ. ಬಿಳಿ ಚೆಂಡಿಗೆ ಎಂತಹ ಹೊಡೆತ ಕೊಡುತ್ತಿದ್ದನೆಂದರೆ ಎಲ್ಲ ಚೆಂಡುಗಳೂ ಚೆಲ್ಲಾಪಿಲ್ಲಿಯಾಗಿ ಯಾವುದಾದರೊಂದು ಹೋಗಿ ಬೀಳುತ್ತಿತ್ತು. ಅದನ್ನೇ ಆಟ ಎನ್ನುತ್ತಿದ್ದ. ನಾನು ತಪ್ಪಿದಾಗಲೆಲ್ಲ ಇಡೀ ಪಾರ್ಲರಿಗೆ ಕೇಳುವ ಹಾಗೆ ನಗುತ್ತಿದ್ದ. "ಅಪ್ಪಾ ಇರ್ಬೇಕಾಗಿತ್ತಾ ನಿಂಗೆ!" ಅಣ್ಣನಿಗೆ ಹೊಡೆಯಲು ಆಗದೆ, ಜೊತೆಗೆ ನಕ್ಕ ಬಂದರಿನ ಹಮಾಲನೊಬ್ಬನ ತುಟಿ ಒಡೆದೆ. ಇನ್ನೊಂದು ದಿನ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದೆ. ಮಾಲಕ ನನ್ನ ಕೊರಳಪಟ್ಟಿ ಹಿಡಿದು ಮೆಟ್ಟಿಲಿಳಿಸಿ, ಮತ್ತೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದ.

ಹಾಗಾಗಿ ನಾನು ಬಸ್ಸು ಹತ್ತಿ ಅಂಕೋಲೆಗೆ ಹೋಗತೊಡಗಿದೆ. ಅಲ್ಲಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಒಂದೇ ಮೇಜು, ಹೆಚ್ಚು ಜನ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿತ್ತು, ಕೂತು ಮೊಬೈಲಿನಲ್ಲಿ ಪೂಲ್ ವಿಡಿಯೊ ನೋಡುತ್ತಿದ್ದೆ. ಅದರಲ್ಲಿ ಒಬ್ಬ ಹೇಳಿದ: ಕೈಯಲ್ಲಿ ಬಲಗೈ, ಎಡಗೈ ಇರುವಂತೆ ಕಣ್ಣಿನಲ್ಲೂ ಒಂದು ಯಜಮಾನ ಕಣ್ಣು ಇರುತ್ತದೆ, ಗುರಿ ಹಿಡಿಯುವುದು ಅದೇ. ಬಲಗೈಯವನಿಗೆ ಬಲಗಣ್ಣೇ ಯಜಮಾನನಾಗಿರಬೇಕೆಂದಿಲ್ಲ. ಎರಡೂ ಅಂಗೈ ಕೂಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಕಿಂಡಿಯಲ್ಲಿ ದೂರದ ಒಂದು ವಸ್ತು ನೋಡಿ, ಆಮೇಲೆ ಕೈಗಳನ್ನು ಮುಖಕ್ಕೆ ತನ್ನಿ. ಯಾವ ಕಣ್ಣಿಗೆ ಬಂದು ನಿಲ್ಲುತ್ತವೋ ಅದು ಯಜಮಾನ.

ಗೋಡೆಯ ಕ್ಯಾಲೆಂಡರ್ ನೋಡಿ ಕೈಗಳನ್ನು ಮುಖಕ್ಕೆ ತಂದುಕೊಂಡೆ. ಎಡಗಣ್ಣಿಗೆ ಬಂತು. ಥತ್ ಎಂದು ಮತ್ತೆ ಮಾಡಿದೆ. ಎಡಗಣ್ಣಿಗೇ ಬಂತು. ಎದ್ದು ಕೋಲು ತೆಗೆದುಕೊಂಡು ತಲೆಯನ್ನು ಬಲಕ್ಕೆ ಸರಿಸಿದೆ, ಕೋಲು ಎಡಗಣ್ಣಿನ ಕೆಳಗೆ ಬರುವ ಹಾಗೆ. ಕುತ್ತಿಗೆ ವಾರೆಯಾಯಿತು, ಆದರೆ ಚೆಂಡು ಜರುಗಲಿಲ್ಲ. ಹೊಡೆದೆ. ಬಿತ್ತು. ಇನ್ನೊಂದು ಹೊಡೆದೆ, ಅದೂ ಬಿತ್ತು. ನಾನು ಕೂಗಿದ ಕೂಗಿಗೆ ಮಾಲಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. "ಎಂತಾ ಆಯ್ತಾ? ಹಾವು ಗೀವು ಬಂತಾ?" ಅಯ್ಯೋ, ಆ ಸಂತೋಷ ಹೇಗೆ ಹೇಳಲಿ! ಹುಟ್ಟಿದಾಗಿನಿಂದ ಜಗಳವಾಡಿಕೊಂಡಿದ್ದ ನನ್ನ ಕೈಯೂ ಕಣ್ಣೂ ಅವತ್ತು ರಾಜಿಯಾದವು.

ಅಣ್ಣನೇ ಕಾರವಾರದ ಮಾಲಕನ ಹತ್ತಿರ ಮಾತಾಡಿ ನನ್ನನ್ನು ಮತ್ತೆ ಒಳಗೆ ಬಿಡಿಸಿದ. ನನ್ನ ಮೇಲಿನ ಪ್ರೀತಿಗಲ್ಲ, ನಗಲು ಅವನಿಗೆ ಒಬ್ಬ ಬೇಕಾಗಿತ್ತು. ಅವತ್ತು ಅವನಿಗೆ ನಗು ಬರಲಿಲ್ಲ. ನನ್ನ ಚೆಂಡುಗಳು ಒಂದೊಂದಾಗಿ ಮುಗಿದವು. ಕೊನೆಗೆ ಕಪ್ಪು ಚೆಂಡು ಉಳಿಯಿತು. ಅದನ್ನು ಹಾಕಿದರೆ ಜನ್ಮದಲ್ಲಿ ಮೊದಲ ಸಲ ಅಣ್ಣನನ್ನು ಸೋಲಿಸಿದ ಹಾಗೆ. ನಾನು ಕುತ್ತಿಗೆ ವಾರೆ ಮಾಡಿ, ಎಡಗಣ್ಣು ಅಗಲವಾಗಿ ತೆರೆದು ಬಗ್ಗಿದೆ.

"ಎಂತದಾ ಅದು ಸೊಟ್ಟ ಕುತ್ತಿಗೆ? ಎಡಗಣ್ಣು ಮುಚ್ಚಾ!" ಎಂದ ಅಣ್ಣ. ಹೇಳಿ ಸುಮ್ಮನಿರಲಿಲ್ಲ. ಹಿಂದಿನಿಂದ ಬಂದು ಅಂಗೈಯಿಂದ ನನ್ನ ಎಡಗಣ್ಣು ಒತ್ತಿದ. ಆ ಅಂಗೈಯಲ್ಲಿ ಡೀಸೆಲ್ ಮತ್ತು ಹಳೆಯ ಹಗ್ಗದ ವಾಸನೆ ಇತ್ತು. ಅಪ್ಪನದೇ ಕೈ.

ನನಗೆ ನೆತ್ತಿಗೇರಿತು. ತಿರುಗಿ ಕೋಲು ಬೀಸಿದೆ, ಅವನ ಪಕ್ಕೆಲುಬಿನಲ್ಲಿ ಏನೋ ಲಟ್ಟೆಂದಿತು. ಅವನು ಮೇಜಿನ ಅಂಚಿಗೆ ಬಿದ್ದು, ಎದ್ದು, ತನ್ನ ಕೋಲನ್ನು ತಿರುಗಿಸಿ ಹಿಡಿದ. ದಪ್ಪ ತುದಿ ನನ್ನ ಮುಖದ ಕಡೆ ಬರುವುದನ್ನು ಸರಿಯಾಗಿ ನೋಡಿದೆ. ಎಡಗಣ್ಣು ಸರಿಯಾಗಿ ನೋಡಿದ ಕೊನೆಯ ವಸ್ತು ಅದು. ಕೆನ್ನೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ನಾನು ಕುರುಡಾಗಿಯೇ ಅವನ ಮೇಲೆ ಬಿದ್ದು ಕಿವಿ ಕಚ್ಚಿದೆ. ನಮ್ಮನ್ನು ಬಿಡಿಸಲು ಬಂದವರಿಗೂ ಬಿತ್ತು. ಮೇಜಿನ ಹಸಿರು ಬಟ್ಟೆಯ ತುಂಬ ರಕ್ತ.

ಪೊಲೀಸರು ಕೇಳಿದಾಗ ಜಾರಿ ಬಿದ್ದೆ ಎಂದೆ. ಆಯಿ ಕಣ್ಣೀರು ಒರೆಸಿಕೊಂಡು ಕೈಮುಗಿದಳು, ಅಣ್ಣನನ್ನು ಉಳಿಸಿದೆನೆಂದು. ಉಳಿಸುವುದೇ? ಅವನು ಜೈಲಿಗೆ ಹೋದರೆ ನನ್ನ ಕೈಗೆ ಸಿಗುತ್ತಾನೆಯೇ? ಅವಳಿಗೆ ಅಲ್ಲೇ ಹೇಳಿದೆ: "ಅವನ ಕಣ್ಣು ತೆಗೀದೆ ನಾ ಬಿಡೂದಿಲ್ಲ ಆಯೀ. ಕಡಲ ಮೇಲೆ ಆಣೆ."

ಅಂಕೋಲೆಯ ಹತ್ತಿರದ ಕೇಣಿಯಲ್ಲಿ ಸೋದರಮಾವನ ಮನೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಉಳಿದೆ. ಇಡೀ ದಿನ ಒಂದೇ ಲೆಕ್ಕ: ಯಾವ ಕಣ್ಣು? ಎಡಕ್ಕೆ ಎಡ ಎಂದರೆ ನ್ಯಾಯವಾಗುವುದಿಲ್ಲ. ಅವನ ಯಜಮಾನ ಕಣ್ಣು ಬಲದ್ದಾದರೆ ಎಡದ್ದು ಹೋಗಿ ಅವನಿಗೇನು ನಷ್ಟ? ಅವನಿಗೂ ಬಿಸ್ಕಿಟ್ ತಂದುಕೊಟ್ಟು, ಬಲಗಣ್ಣು ಉಳಿಯಿತಲ್ಲ ಎನ್ನುತ್ತಾರೆ. ಗುರಿಯ ಕಣ್ಣಿಗೆ ಗುರಿಯ ಕಣ್ಣೇ ಬೇಕು. ತಾಂಡೇಲನಿಗೆ ಅದು ಹೋದರೆ ತಿಳಿಯುತ್ತದೆ. ಈ ಲೆಕ್ಕದಲ್ಲೇ ಅನ್ನ ಸೇರಿತು, ನಿದ್ದೆ ಬಂತು.

ಮಳೆಗಾಲದ ಬಂದ್ ಮುಗಿದು ದೋಣಿ ನೀರಿಗೆ ಇಳಿಸುವ ದಿನ ಹತ್ತಿರ ಬಂದಾಗ ಅಣ್ಣ ಕೇಣಿಗೆ ಬಂದ. ನಾನು ದಂಡೆಯಲ್ಲಿ, ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ ದೊಡ್ಡ ಮರದ ದೋಣಿಯ ಪಕ್ಕ ಕೂತು ಹಗ್ಗಕ್ಕೆ ಹಗ್ಗ ಹೆಣೆಯುತ್ತಿದ್ದೆ. ಎಳೆ ಬಿಡಿಸುವ ಕಬ್ಬಿಣದ ಮೊನೆ ಕೈಯಲ್ಲಿತ್ತು. ಅಣ್ಣ ಸೊರಗಿಹೋಗಿದ್ದ. ಒಂದು ಕಿವಿಗೆ ಹೊಲಿಗೆ, ಪಕ್ಕೆಯ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಿದ್ದ.

"ದೋಣಿಗೆ ಬಾರಾ," ಎಂದ.

"ಬತ್ತೆ. ಮೊದ್ಲು ಒಂದ್ ಕೆಲ್ಸ ಮಾಡು," ಎಂದು ಎದ್ದೆ. ಅವನನ್ನು ದೋಣಿಯ ಹಲಗೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. "ಎರಡೂ ಕೈ ಮುಂದೆ ಚಾಚಿ ಕಿಂಡಿ ಮಾಡು. ಎರಡೂ ಕಣ್ಣು ತೆರೆದು ಕಿಂಡಿಯಲ್ಲಿ ನನ್ ಮೂಗು ನೋಡು."

ಅಣ್ಣ ನನ್ನ ಕೈಯಲ್ಲಿದ್ದ ಕಬ್ಬಿಣ ನೋಡಿದ. "ಆಯಿ ಹೇಳ್ಯಾಳೆ ನಿನ್ನ ಆಣೆ," ಎಂದ. "ಯಾವ್ದು ಬೇಕೋ ತಕ್ಕಾ. ನಾ ಕದಲೂದಿಲ್ಲ." ಕೈ ಚಾಚಿ ಕಿಂಡಿ ಹಿಡಿದ.

ಹೀಗೆ ಎದುರಿಗೆ ನಿಂತರೆ ಕಿಂಡಿಯಲ್ಲಿ ಒಂದೇ ಕಣ್ಣು ಕಾಣುತ್ತದೆ, ಅದೇ ಯಜಮಾನ ಕಣ್ಣು. ನನ್ನ ಉಳಿದ ಕಣ್ಣಿನಿಂದ ನೋಡಿದೆ. ಕಿಂಡಿಯಲ್ಲಿ ಅವನ ಎಡಗಣ್ಣು ಇತ್ತು.

"ಕೈ ಇಳಿಸು. ಮತ್ತೆ ಹಿಡಿ!" ಕಿರುಚಿದೆ. ಹಿಡಿದ. ಮತ್ತೆ ಎಡಗಣ್ಣು. ಅದರ ರೆಪ್ಪೆ ಪಟಪಟ ನಡುಗುತ್ತಿತ್ತು, ಆದರೂ ಮುಚ್ಚಿಕೊಳ್ಳಲಿಲ್ಲ. ಅಪ್ಪ ಬಟ್ಟೆ ಕಟ್ಟಿದ ಕಣ್ಣು. ಬೆನ್ನಿನ ಚರ್ಮ ಸುಲಿದರೂ ಮುಚ್ಚದೆ ಹಟ ಮಾಡಿದ ಕಣ್ಣು.

ನಾನು ಕಬ್ಬಿಣ ಎತ್ತಿ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಅದು ಅವನ ಕಿವಿಯ ಪಕ್ಕದ ಹಲಗೆಯಲ್ಲಿ ನಾಟಿತು. ಗುರಿ ತಪ್ಪಿತೋ ನಾನೇ ತಪ್ಪಿಸಿದೆನೋ, ನನಗೆ ಇಂದಿಗೂ ಗೊತ್ತಿಲ್ಲ.

"ಎಂತಾ ಕಂಡ್ತಾ ನಿಂಗೆ?" ಎಂದು ಕೇಳಿದ ಅಣ್ಣ. ಕೈಗಳು ಇನ್ನೂ ಹಾಗೇ ಇದ್ದವು.

"ನಿಂದೂ ಎಡಗಣ್ಣೇ," ಎಂದೆ. ಆಮೇಲೆ ಎಲ್ಲ ಹೇಳಿದೆ: ವಿಡಿಯೊ, ಕ್ಯಾಲೆಂಡರ್, ಅಂಕೋಲೆಯ ಮೇಜು, ಹುಟ್ಟುವಾಗಲೇ ಬರುವ ಯಜಮಾನ ಕಣ್ಣು, ಅದನ್ನು ಮುಚ್ಚಿಸಿ ಇನ್ನೊಂದರಿಂದ ಗುರಿ ಹಿಡಿಸಿದರೆ ಏನಾಗುತ್ತದೆ ಎಂಬುದು. ಅವನು ನಿಧಾನವಾಗಿ ಕೈ ಇಳಿಸಿದ.

"ಹಂಗಾದ್ರೆ ಅಪ್ಪಾ ಹೊಡ್ದದ್ದೆಲ್ಲಾ ಸುಮ್ನೇನಾ?"

"ಸುಮ್ನೆ. ನೀ ನಂಗೆ ಹೊಡ್ದದ್ದೂ ಸುಮ್ನೆ."

ಅಪ್ಪನ ಹೆಣದ ಮುಂದೆಯೂ ಅವನ ಕಣ್ಣಲ್ಲಿ ಹನಿ ಬಂದಿರಲಿಲ್ಲ. ಅವನು ಹತ್ತಿರ ಬಂದ. ನಾನು ಮುಷ್ಟಿ ಬಿಗಿದೆ. ಅವನು ಅಂಗೈ ಎತ್ತಿ ನನ್ನ ಕಣ್ಣಿನ ಮೇಲಿಟ್ಟ, ಈ ಸಲ ಬಲಗಣ್ಣಿನ ಮೇಲೆ, ಒತ್ತದೆ, ಮೆಲ್ಲಗೆ.

"ಈಗ ಎಂತಾ ಕಾಣ್ತದಾ?"

"ಬೆಳಕು ಕಾಣ್ತದೆ," ಎಂದೆ. "ನೀ ನಿಂತದ್ದು ಕಾಣ್ತದೆ. ಮುಖ ಕಾಣೂದಿಲ್ಲ."

ಅವನು ಅಳುತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು ಆ ಅಂಗೈ ನಡುಗಿದಾಗ.