ರಾಜಾರಾಮನ ಕುಂಟು ನಡಿಗೆ

ರಾಜಾರಾಮ ಸಿನಿಮಾದಲ್ಲಿ ಹೆಸರು ಮಾಡಿದ್ದು ಕುಂಟನಾಗಿ. ಆಗ ಅವನ ಎರಡೂ ಕಾಲು ಗಟ್ಟಿಯಾಗಿದ್ದವು. ಐಗಳಿಯ ಈ ಮನುಷ್ಯ ಕೊಲ್ಹಾಪುರದ ಸ್ಟುಡಿಯೋಗಳಲ್ಲಿ ಹತ್ತು ವರ್ಷ ಗುಂಪಿನಲ್ಲಿ ನಿಂತು ಸವೆದ ಮೇಲೆ ಒಂದು ಕನ್ನಡ ಚಿತ್ರದಲ್ಲಿ ಕುಂಟ ಭಿಕ್ಷುಕನ ಪಾತ್ರ ಸಿಕ್ಕಿತು. ಸೊಂಟ ಹೊರಳಿಸಿ, ಒಂದು ಕಾಲು ಎಳೆಯುತ್ತ, ಇನ್ನೇನು ಬಿದ್ದೇಬಿಟ್ಟ ಅನ್ನುವಾಗ "ಸರೀರೆಪ್ಪೋ, ಗಾಡಿ ಬಂತೂ!" ಎಂದು ಕೂಗುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಒಂಬತ್ತು ಚಿತ್ರಗಳಲ್ಲೂ ಅದೇ ನಡಿಗೆ, ಅದೇ ಕೂಗು.

ನಾನು ಸಾರಿಕಾ, ಹಾರೂಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಎರಡು ವರ್ಷದವಳಿದ್ದಾಗಲೇ ಪೋಲಿಯೊ ನನ್ನ ಎಡಗಾಲನ್ನು ತಿಂದುಹಾಕಿತು. ಆ ಚಿತ್ರ ಬಂದಾಗ ನಾನು ಎಂಟನೇ ಇಯತ್ತೆ. ಶಾಲೆಯ ದಾರಿಯುದ್ದಕ್ಕೂ "ಗಾಡಿ ಬಂತೂ" ಅನ್ನುತ್ತ ಹುಡುಗರು ಬೆನ್ನು ಹತ್ತಿದರು. ಒಂಬತ್ತನೇ ಇಯತ್ತೆಗೆ ನಾನು ಹೋಗಲೇ ಇಲ್ಲ.

ಸಕ್ಕರೆ ಕಾಯಿಲೆಯಿಂದ ರಾಜಾರಾಮನ ಬಲಗಾಲು ಕತ್ತರಿಸಿದರಂತೆ ಎಂದು ಕೇಳಿದಾಗ ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ?

ನಿಜವಾದ ಕುಂಟ ಸಿನಿಮಾದವರಿಗೆ ಬೇಡವಾದ. ಊರಿಗೆ ಬಂದವನು ಅಂಗವಿಕಲರ ಪ್ರಮಾಣಪತ್ರಕ್ಕೆಂದು ಒಂದು ಸರ್ಕಾರಿ ಕಚೇರಿಗೆ ಹೋದ. ಯಾವುದೆಂದು ಹೇಳುವುದಿಲ್ಲ, ಎಲ್ಲವೂ ಒಂದೇ. ಅಲ್ಲಿ ಹನ್ನೊಂದು ಮೆಟ್ಟಿಲು. ಕೂತು, ಕೈಯೂರಿ, ಒಂದೊಂದೇ ಏರುತ್ತಿದ್ದಾಗ ಗುಮಾಸ್ತನೊಬ್ಬ ಮೇಲಿನಿಂದ ನಕ್ಕನಂತೆ: "ಮಾಮಾ, ಆ್ಯಕ್ಟಿಂಗ್ ಸಾಕ್ ಮಾಡ್ರಿ, ನೆಟ್ಟಗ ನಡದ್ ಬರ್ರಿ!"

ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ಕೃತಕ ಕಾಲು ಕಟ್ಟಿಕೊಂಡು ಪಾಲಬಾವಿ, ಐಗಳಿ ಎನ್ನದೆ ಮನೆಮನೆ ತಿರುಗಿ ನಮ್ಮಂಥವರ ಅರ್ಜಿ ಬರೆಸಿದ, ಸಂಘ ಕಟ್ಟಿದ. ನನ್ನ ಅಂಗಡಿಗೂ ಬಂದ. ನಾನು ಶಾಲೆ ಬಿಟ್ಟ ಕಥೆಯನ್ನು ಮುಖಕ್ಕೆ ಹೊಡೆದಂತೆ ಹೇಳಿದೆ. ತಲೆ ತಗ್ಗಿಸಿ ಕೇಳಿದ.

"ತಪ್ಪಾತವಾ ತಂಗಿ. ನನ್ನ ಮಕ್ಕಳ ಆಣಿ, ಇನ್ನ ಆ ನಡಿಗಿ ನಡ್ಯೂದಿಲ್ಲ."

ನಾನು ಸಂಘದ ಕಾರ್ಯದರ್ಶಿಯಾದೆ. ಆ ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಕಟ್ಟಿಸಿಕೊಡಿ ಎಂದು ನಾಲ್ಕು ವರ್ಷ ಇಬ್ಬರೂ ಅಲೆದೆವು.

ಹೋದ ಡಿಸೆಂಬರಿನಲ್ಲಿ ಅಂಗವಿಕಲರ ದಿನ ರಾಜಾರಾಮನಿಗೆ ಸತ್ಕಾರ ಇಟ್ಟುಕೊಂಡರು. ಅಂಗವಿಕಲರ ಕಾರ್ಯಕ್ರಮಕ್ಕೆ ಎದೆಮಟ್ಟದ ವೇದಿಕೆ! ನಾಲ್ವರು ಅವನನ್ನು ಹಿಟ್ಟಿನ ಚೀಲದಂತೆ ಎತ್ತಿ ಮೇಲಿಟ್ಟರು, ತಲೆಗೆ ಕೇಸರಿ ಫೇಟಾ ಸುತ್ತಿದರು, ತೆಂಗಿನಕಾಯಿ ಕೊಟ್ಟರು. ಅವನು ಬೇರೇನೂ ಮಾತಾಡದೆ ರ‍್ಯಾಂಪ್ ಕೇಳಿದ.

ಮುಖ್ಯ ಅತಿಥಿಯಾಗಿ ಬಂದಿದ್ದ ಪುಢಾರಿ ಮೈಕ್ ಎಳೆದುಕೊಂಡ. "ರ‍್ಯಾಂಪ್ ಏನ್ ದೊಡ್ಡದ್ರಿ, ಇಲ್ಲೇ ಮಂಜೂರ ಮಾಡ್ತೀನಿ. ಮದಲ ಆ ನಡಿಗಿ ಒಂದ್ಸಲ ಆಗ್ಲಿ!"

ಶಿಳ್ಳೆಗಳೆದ್ದವು. ರಾಜಾರಾಮ ಮೊದಲ ಸಾಲಿನಲ್ಲಿದ್ದ ನನ್ನನ್ನೇ ನೋಡಿದ. ನಾನು ಬೇಡ ಅನ್ನಬಹುದಿತ್ತು. ನನಗೆ ಆ ಹನ್ನೊಂದು ಮೆಟ್ಟಿಲು ಕಣ್ಣಿಗೆ ಬಂದವು. ಹೂಂ ಎಂದು ತಲೆಯಾಡಿಸಿದೆ.

ಅವನು ನಡೆದ. ಫೇಟಾ ಕಣ್ಣ ಮೇಲೆ ಜಾರಿತು, ಕೃತಕ ಕಾಲು ಹಲಗೆಯ ಮೇಲೆ ಟಕಟಕ ಅಂದಿತು. "ಸರೀರೆಪ್ಪೋ, ಗಾಡಿ ಬಂತೂ!" ನಮ್ಮ ಸಂಘದವರೂ ಕೆಲವರು ನಕ್ಕರು.

ಮಾರ್ಚಿನಲ್ಲಿ ರ‍್ಯಾಂಪ್ ಮುಗಿಯಿತು. ಮೊದಲ ದಿನ ನಾನು ಮುಂದೆ, ರಾಜಾರಾಮ ಹಿಂದೆ. ಅರ್ಧ ಏರಿದ್ದೆವು. ಎದುರಿನ ಚಹಾದಂಗಡಿಯಿಂದ ಯಾರೋ ಕೂಗಿದರು, "ಸರೀರೆಪ್ಪೋ, ಗಾಡಿ ಬಂತೂ!"

ಹಿಂದೆ ಟಕಟಕ ನಿಂತುಹೋಯಿತು. ನಾನು ತಿರುಗಿ ನೋಡಲಿಲ್ಲ. ಕೂಗಿದವನನ್ನು ಬೈಯಲು ನನ್ನಲ್ಲಿ ಬಾಯಿಯೇ ಉಳಿದಿರಲಿಲ್ಲ.