ಮೊಸರಿನ ಜೀವಕ್ಕೆ ಬಾಲ ಹಚ್ಚಿದ್ದು

ಮೊಸರಿನಲ್ಲಿರುವ ಜೀವಕ್ಕೆ ಬಾಲ ಹಚ್ಚಿದವನು ನಾನೇ. ವಿಜ್ಞಾನ ಹಚ್ಚಿರಲಿಲ್ಲ, ನಮ್ಮ ಕಾಲೇಜಿನ ಸರ್ ಕೂಡ ಹಚ್ಚಿರಲಿಲ್ಲ. ಬಾಲವಿಲ್ಲದಿದ್ದರೆ ಸರ್ ಅವರ ನಕಲು ಮಾಡುವಾಗ ರಂಗೇರುವುದಿಲ್ಲ ಅನ್ನಿಸಿತು, ಹಚ್ಚಿಬಿಟ್ಟೆ.

ಐನಾಪುರದಲ್ಲಿ ನಮ್ಮದು ಎಮ್ಮೆ ಕಟ್ಟಿದ ಮನೆ. ಪಕ್ಕದ ಜೈನರ ಮನೆಗೆ ಹಾಲು ಒಯ್ಯುವುದು ನನ್ನ ಕೆಲಸ. ಆ ಮನೆಯ ಅಜ್ಜಿಯ ಕಟ್ಟಳೆ ಬಿಗಿ. ಕರೆದ ಹಾಲು ತಡವಿಲ್ಲದೆ ಒಲೆ ಏರಬೇಕು, ಹಾಗಾಗಿ ನಾನು ನೊರೆ ಆರುವ ಮೊದಲೇ ಚರಿಗೆ ಹಿಡಿದು ಓಡುತ್ತಿದ್ದೆ. ಹೆಪ್ಪಿಗೆ ನಿನ್ನೆಯ ಮೊಸರು ಹಾಕುವಂತಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಂದು ಒಣಮೆಣಸಿನಕಾಯಿಯನ್ನು ತೊಟ್ಟು ಸಮೇತ ಬಿಟ್ಟು ಮುಚ್ಚಿಡುತ್ತಿದ್ದರು. ಇವತ್ತಿನ ಮೊಸರು ನಾಳೆಗೆ ಉಳಿಯುವಂತಿಲ್ಲ. ಮೆಣಸಿನಕಾಯಿಯಿಂದ ಮೊಸರು ಹೇಗಾಗುತ್ತದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅಥಣಿಯಲ್ಲಿ ಬಿ.ಎಸ್ಸಿ. ಸೇರಿದ ಹುಡುಗನಿಗೆ ಇಷ್ಟು ಕುತೂಹಲ ಸಾಕಲ್ಲವೇ?

ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಸರ್‌ಗಳ ಧ್ವನಿ ಸಂಗ್ರಹಿಸಲು. ಜೀವಶಾಸ್ತ್ರದ ಸರ್ ಕನ್ನಡಕವನ್ನು ಹಣೆಗೇರಿಸಿ, ಗಂಟಲು ಸರಿಮಾಡಿ, “ಗಮನಿಸಿ” ಅಂದರೆ ಬೆಂಚು ಕೂಡ ಗಮನಿಸಬೇಕು. ಚಾತುರ್ಮಾಸದ ಒಂದು ಮಧ್ಯಾಹ್ನ ಪಕ್ಕದ ಮನೆಯ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಅವರ ಧ್ವನಿ ತೆಗೆದೆ. “ಗಮನಿಸಿ. ನೀವು ತಿನ್ನುವ ಮೊಸರಿನಲ್ಲಿ ಬ್ಯಾಕ್ಟೀರಿಯಾ ಗಿಜಿಗುಡುತ್ತಿವೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಸರ್ ಹಲಗೆಯ ಮೇಲೆ ಬೇರೆ ಯಾವುದೋ ಬ್ಯಾಕ್ಟೀರಿಯಾ ಬರೆದಿದ್ದರು, ಅದಕ್ಕೊಂದು ಬಾಲವಿತ್ತು. ನಾನು ಸೊಂಟ ತಿರುಗಿಸಿ ಈಜುತ್ತಾ ತೋರಿಸಿದೆ. ಅಜ್ಜಿಯ ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ.

“ಅವು ಕುಂತಲ್ಲೇ ಇರೋವೋ, ಓಡ್ಯಾಡೋವೋ?” ಎಂದು ಕೇಳಿದರು.

“ಓಡ್ತಾವ್ರಿ ಅಜ್ಜಿ. ಬಾಲ ಬಡಕೊಂತ.”

ಊಟಕ್ಕೆ ಕುಳಿತಿದ್ದ ಅಜ್ಜಿ ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಅವರ ಲೆಕ್ಕದಲ್ಲಿ ಜೀವಗಳಿಗೆ ಮೆಟ್ಟಿಲುಗಳಿವೆ. ಮಣ್ಣು, ನೀರು, ಗಿಡ, ಇವಕ್ಕೆ ಒಂದೇ ಇಂದ್ರಿಯ, ಇದ್ದಲ್ಲೇ ಇರುತ್ತವೆ. ಹುಳಕ್ಕೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು. ಎಮ್ಮೆಗೆ ಐದು, ನನಗೂ ಐದು, ನನ್ನ ಬಗ್ಗೆ ಅವರಿಗೆ ಸ್ವಲ್ಪ ಅನುಮಾನವಿತ್ತು ಅಷ್ಟೆ. ತಾನಾಗಿ ಓಡಾಡುವುದು ಎರಡನೆಯ ಮೆಟ್ಟಿಲಿನಿಂದ. ಗೊತ್ತಿದ್ದೂ ಅದನ್ನು ತಿನ್ನುವಂತಿಲ್ಲ. ನಾನು ಹಚ್ಚಿದ ಬಾಲ ಮೊಸರನ್ನು ಒಂದು ಮೆಟ್ಟಿಲು ಮೇಲೇರಿಸಿತ್ತು.

ಚಾತುರ್ಮಾಸದಲ್ಲಿ ಅಜ್ಜಿಗೆ ದಿನಕ್ಕೊಂದೇ ಊಟ. ಹಲ್ಲಿಲ್ಲದ ಬಾಯಿಗೆ ಜೋಳದ ರೊಟ್ಟಿ ಇಳಿಯುತ್ತಿದ್ದದ್ದು ಮೊಸರಿನಲ್ಲಿ ನೆನೆದರೆ ಮಾತ್ರ. ಈಗ ಬೇಳೆಕಟ್ಟಿನಲ್ಲಿ ಅದ್ದಿ, ಅರ್ಧ ತಿಂದು, ಅರ್ಧ ಬಿಟ್ಟು ಏಳತೊಡಗಿದರು. ಸಿಟ್ಟು ಬಂದರೆ ಮರಾಠಿಗೆ ಇಳಿಯುವ ಸೊಸೆ ಚರಿಗೆ ಕಸಿದುಕೊಂಡು, “ಅರೇ ಬಾಬಾ, ನಿನ್ನ ನಾಟಕದಾಗ ಅತ್ತೀದು ಊಟ ಹೋತು. ನೀನ ತಂದು ಕೊಡು,” ಅಂದಳು.

ಬ್ಯಾಕ್ಟೀರಿಯಾ ಯಾವ ಪೈಕಿ ಎಂದು ಮೊದಲು ಅಪ್ಪನನ್ನು ಕೇಳಿದೆ. ಅಪ್ಪನಿಗೆ ಶಾಲೆಯಲ್ಲಿ ಕಲಿತದ್ದರಲ್ಲಿ ಇದೊಂದು ನೆನಪಿತ್ತು. “ನಮ್ಮ ಕಾಲದಾಗ ಅವು ಗಿಡದ ಪೈಕಿ ಇದ್ದೂಲೇ. ಮೈಸುತ್ತ ಗ್ವಾಡಿ ಇರತೈತಲ್ಲ, ಗಿಡದ ಕೋಶಕ್ಕ ಇದ್ದಂಗ.” ಗಿಡವೆಂದರೆ ಒಂದೇ ಇಂದ್ರಿಯ. ಓಡಿಹೋಗಿ ಹೇಳಿದೆ. ಸೊಸೆ ಬಲು ಶಾಣ್ಯಾಕಿ. “ಅದು ನಿಮ್ಮಪ್ಪಂದಾತು. ನಿನ್ನ ಪುಸ್ತಕದಾಗ ಏನೈತಿ?” ಅಂದಳು.

ನನ್ನ ಪುಸ್ತಕದಲ್ಲಿ ಐದು ಸಾಮ್ರಾಜ್ಯಗಳಿದ್ದವು. ಬ್ಯಾಕ್ಟೀರಿಯಾ ಗಿಡಗಳನ್ನು ಬಿಟ್ಟು ಮೊನೆರಾ ಎಂಬ ಸ್ವಂತ ಮನೆ ಮಾಡಿಕೊಂಡಿದ್ದವು, ಏಕೆಂದರೆ ಅವುಗಳ ಕೋಶದೊಳಗೆ ಕೋಶಕೇಂದ್ರವೇ ಇಲ್ಲ. ಅಜ್ಜಿ ಕೇಳಿ, “ಗಿಡಾನೂ ಅಲ್ಲ, ಪ್ರಾಣಿನೂ ಅಲ್ಲ. ಮತ್ತ ಏನು, ಬೀಗರೇನು?” ಅಂದರು. ಮೊಸರಿನ ಬಟ್ಟಲು ಪಕ್ಕದಲ್ಲೇ ಉಳಿಯಿತು.

ಮರುದಿನ ಸೊಸೆ ಮಾಡಿಕೊಟ್ಟ ಮೊಸರನ್ನು ಡಬ್ಬಿಯಲ್ಲಿ ಹಾಕಿಕೊಂಡು ಅಥಣಿ ಬಸ್ಸು ಹತ್ತಿದೆ. ಪ್ರಯೋಗಾಲಯದಲ್ಲಿ ಸರ್ ಎದುರು ನಿಂತು, ಗಾಬರಿಯಲ್ಲಿ ಬಾಯಿ ತೆರೆದರೆ ಹೊರಬಂದದ್ದು ಅವರದೇ ಧ್ವನಿ: “ಗಮನಿಸಿ, ಸರ್.”

ಸರ್ ಕನ್ನಡಕ ಹಣೆಗೇರಿಸಿದರು. “ಧ್ವನಿ ಚಲೋ ತಗದಿ. ಪಾಠಾನೂ ಇಷ್ಟ ಚಲೋ ತಗದಿದ್ರ ಪಾಸಾಗ್ತಿದ್ದಿ.”

ಸಂಗತಿ ಕೇಳಿದ ಮೇಲೆ ಅವರಿಗೇ ಹುರುಪು ಬಂತು. ಐದರ ಲೆಕ್ಕವೂ ಈಗ ಹಳೆಯದಂತೆ. ಸಾಮ್ರಾಜ್ಯಗಳ ಮೇಲೆ ಮೂರು ಡೊಮೇನುಗಳಿವೆ. ಬ್ಯಾಕ್ಟೀರಿಯಾ ಒಂದು. ನೋಡಲು ಅವುಗಳಂತೆಯೇ ಇದ್ದು, ಒಳಗಿನ ವಂಶವಾಹಿಯ ಬರಹ ಓದಿದಾಗ ಬೇರೆಯೇ ಕುಲವೆಂದು ತಿಳಿದ ಆರ್ಕಿಯಾ ಇನ್ನೊಂದು. ಕೋಶಕೇಂದ್ರ ಇರುವವರೆಲ್ಲ ಮೂರನೆಯದು.

“ಅಂದ್ರ ಓಡ್ಯಾಡ್ತಾವೋ ಇಲ್ಲೋ, ಸರ್?”

“ಅದನ್ನ ಡೊಮೇನು ಹೇಳೂದಿಲ್ಲೋ. ಒಂದ ಮನ್ಯಾಗ ಅಡ್ಡಾಡೋರೂ ಇರ್ತಾರ, ಕುಂತೋರೂ ಇರ್ತಾರ. ನೋಡೇ ಬಿಡೂಣು ತಾ.”

ನಾನು ಆ ತನಕ ತಿಳಿದದ್ದು, ಹೆಸರು ಸಿಕ್ಕರೆ ಸ್ವಭಾವವೂ ಸಿಕ್ಕಂತೆ ಎಂದು. ಸರ್ ಕೇಳುತ್ತಿದ್ದದ್ದು ಕೋಶದೊಳಗೆ ಏನಿದೆ ಎಂದು. ಅಜ್ಜಿ ಕೇಳುತ್ತಿದ್ದದ್ದು ಆ ಜೀವಕ್ಕೆ ಏನು ತಿಳಿಯುತ್ತದೆ ಎಂದು. ಪ್ರಶ್ನೆಗಳೇ ಬೇರೆ. ನಾನು ಒಬ್ಬರ ಉತ್ತರವನ್ನು ಇನ್ನೊಬ್ಬರ ಪ್ರಶ್ನೆಗೆ ಅಂಟಿಸಲು ಹೊರಟಿದ್ದೆ.

ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಡ್ಡಿಗಳು, ದಾರಕ್ಕೆ ಪೋಣಿಸಿದಂಥ ಮಣಿಗಳು ಕಂಡವು. ಎಲ್ಲವೂ ಅಲುಗುತ್ತಿದ್ದವು. ನಾನು ತಲೆ ಎತ್ತಿ ಅಂದೆ: “ಓಡಾಕತ್ತಾವಲ್ರಿ, ಸರ್.”

“ಒಂದನ್ನ ಹಿಡದು ನೋಡು. ಜಾಗಾ ಬಿಟ್ಟು ಹೊಂಟೈತೇನು?”

ಒಂದು ಕಡ್ಡಿಯ ಮೇಲೆ ಕಣ್ಣು ನೆಟ್ಟೆ. ಅದು ನಡುಗಿತು, ನಡುಗಿತು, ಎಲ್ಲಿಗೂ ಹೋಗಲಿಲ್ಲ. ಸುತ್ತಲಿನ ನೀರಿನ ಕಣಗಳು ಅದನ್ನು ನೂಕುತ್ತಿವೆ ಎಂದರು ಸರ್. ಈಜುವ ಬ್ಯಾಕ್ಟೀರಿಯಾ ಉಂಟು, ಆದರೆ ಮೊಸರು ಮಾಡುವ ಇವು ಈಜುವುದಿಲ್ಲ. ನನಗೆ ಬಸ್ಸಿನ ವೇಳೆ ಮರೆತೇ ಹೋಯಿತು. ಕಣ್ಣು ನೀರಾಡುವವರೆಗೆ ನೋಡಿದೆ.

ಸಂಜೆ ಬಂದು ಯಾರ ಧ್ವನಿಯನ್ನೂ ತೆಗೆಯದೆ ಹೇಳಿದೆ. ನನ್ನ ಸ್ವಂತ ಧ್ವನಿ ಇಷ್ಟು ಕೀರಲು ಎಂದು ಗೊತ್ತಾದದ್ದೂ ಆಗಲೇ. ನಮ್ಮ ಮನೆಯ ಗೋಬರ್ ಗ್ಯಾಸ್ ತಯಾರಿಸುವುದು ಆರ್ಕಿಯಾ, ಮೊಸರು ಮಾಡುವುದು ಬ್ಯಾಕ್ಟೀರಿಯಾ, ಅಜ್ಜಿ, ನಾನು, ಎಮ್ಮೆ, ಮೆಣಸಿನ ಗಿಡ ಎಲ್ಲ ಒಂದೇ ಡೊಮೇನು ಅಂದೆ.

“ಇವ ಎಮ್ಮೀ ಪೈಕಿ ಅಂತ ನಮಗ ಮೊದಲ ಗೊತ್ತಿತ್ತು,” ಅಂದಳು ಸೊಸೆ.

“ಆ ಮನಿ ಈ ಮನಿ ಇರಲಿ,” ಅಂದರು ಅಜ್ಜಿ. “ಓಡ್ಯಾಡ್ತಾವೇನು?”

“ಇಲ್ರಿ. ನಾನ ನೋಡೀನಿ. ನೀರು ನೂಕಿದ್ರ ಅಲಗ್ಯಾಡ್ತಾವ, ಅಷ್ಟ.”

“ಮತ್ತ ಬಾಲ?”

“ಅದು ನಾ ಹಚ್ಚಿದ್ದರಿ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಅಂದರು:

“ತಾನಾಗಿ ಓಡ್ಯಾಡಿ ಮಂದೀನ ಕಾಡೋ ಜೀವ ಇವ ಒಬ್ಬನ ಅದಾನ. ಬಿಡೂದಿದ್ರ ಇವನ್ನ ಬಿಡಬೇಕಿತ್ತು, ಸುಮ್ಮನ ಮೊಸರು ಬಿಟ್ಟೆ. ನಾಳಿಗೆ ಹೆಪ್ಪು ಹಾಕವ್ವ.”