ಫಿಟ್ಸ್ ಮಾತ್ರೆ ಮತ್ತು ಬಸುರು

ಕಾಲೇಜಿನ ದಿನಗಳಿಂದಲೂ ನನಗೆ ಫಿಟ್ಸ್ ಇದೆ. ಎರಡು ಹೊತ್ತು ಮಾತ್ರೆ ತೆಗೆದುಕೊಂಡರೆ ಸುಮ್ಮನಿರುತ್ತದೆ. ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂಬುದು ಜಯನಗರದ ಬಸ್ ನಿಲ್ದಾಣದಲ್ಲಿ ಬಿದ್ದು ಹಲ್ಲು ಮುರಿದುಕೊಂಡಾಗಲೇ ಗೊತ್ತಾಗಿತ್ತು. ಮದುವೆಗೆ ಮುಂಚೆಯೇ ಗಂಡನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದ್ದೆವು.

ಸದ್ಯಕ್ಕೆ ಮಗು ಬೇಡವೆಂದು ನಾನು ಗರ್ಭನಿರೋಧಕ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೆ. ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾಗಿ ಮುಟ್ಟು ನಿಂತಾಗ ಆಫೀಸಿನ ಒತ್ತಡವಿರಬೇಕು ಅಂದುಕೊಂಡೆ. ಕೊನೆಗೆ ಮೆಡಿಕಲ್ ಶಾಪಿನಿಂದ ಕಿಟ್ ತಂದು ನೋಡಿದರೆ ಎರಡು ಗೆರೆ.

"ಮಾತ್ರೆ ತಗೋತಿದ್ಯಲ್ಲ, ಹೇಗಾಯ್ತು?" ಎಂದ ಗಂಡ. ಮುಖದಲ್ಲಿ ಸಂತೋಷವನ್ನು ತಡೆದುಕೊಂಡಿದ್ದ.

ನನ್ನ ತಲೆಯಲ್ಲಿ ಇದ್ದದ್ದು ಇನ್ನೊಂದು ಮಾತ್ರೆ. ಇಷ್ಟು ದಿನ ಗೊತ್ತಿಲ್ಲದೆ ಅದನ್ನು ಮಗುವಿಗೂ ಕೊಟ್ಟಿದ್ದೆನಲ್ಲ. ಫೋನಿನಲ್ಲಿ ಹುಡುಕಿದೆ. ಸೀಳುತುಟಿ, ಹೃದಯದ ತೊಂದರೆ, ಮುಚ್ಚದ ಬೆನ್ನುಹುರಿ. ಮುಂದೆ ಓದಲಾಗದೆ ಫೋನನ್ನು ದಿಂಬಿನ ಕೆಳಗೆ ತಳ್ಳಿದೆ.

ಮರುದಿನ ತಿಂಡಿಯ ಹೊತ್ತಿಗೆ ಮಾತ್ರೆ ಕೈಯಲ್ಲಿ ಹಿಡಿದು ಕೂತಿದ್ದೆ. ಅತ್ತೆ ಹತ್ತಿರ ಬಂದು, "ಅದನ್ನ ನಿಲ್ಸಿಬಿಡಮ್ಮ. ಮಗೂಗೆ ಏನಾದ್ರೂ ಆದ್ರೆ?" ಎಂದರು.

"ನಿಲ್ಸಿ ನಾನು ಬಿದ್ರೆ, ಅತ್ತೆ?"

ನಾನು ನುಂಗಿದೆ. ಮಗುವಿಗೆ ವಿಷ ಹಾಕಿದಂತೆ ಅನ್ನಿಸಿ, ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅಂದು ಸಂಜೆಯೇ ನನ್ನ ನರರೋಗದ ಡಾಕ್ಟರ ಬಳಿ ಹೋದೆವು. ಅತ್ತೆಯೂ ಬಂದರು. ಡಾಕ್ಟರು ನನ್ನ ಗರ್ಭನಿರೋಧಕದ ಚೀಟಿ ನೋಡಿ, "ನಿಮ್ಮ ಫಿಟ್ಸ್ ಮಾತ್ರೆ ಇದನ್ನ ಸರಿಯಾಗಿ ಕೆಲಸ ಮಾಡೋಕೆ ಬಿಡಲ್ಲ. ಬೇರೆ ಏನು ಮಾತ್ರೆ ತಗೋತೀರಿ ಅಂತ ಯಾರೂ ಕೇಳ್ಲಿಲ್ವಾ?" ಎಂದರು.

ಯಾರೂ ಕೇಳಿರಲಿಲ್ಲ.

"ಈಗ ನಿಲ್ಸೋದು ಒಳ್ಳೇದಲ್ವಾ ಡಾಕ್ಟ್ರೇ?" ಅತ್ತೆ ಕೇಳಿದರು.

"ಬೇಡಮ್ಮ. ದಿಢೀರಂತ ನಿಲ್ಸಿದ್ರೆ ಫಿಟ್ಸ್ ಜೋರಾಗಿ ಬರಬಹುದು. ಅದು ತಾಯಿ, ಮಗು ಇಬ್ರಿಗೂ ಅಪಾಯ. ಬಸುರಲ್ಲಿ ಕೊಡಲೇಬಾರದು ಅನ್ನೋ ಮಾತ್ರೆಗಳೂ ಇವೆ. ಇವರದು ಅಂಥದ್ದಲ್ಲ. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ. ಆದ್ರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ತಾರೆ." ಫೋಲಿಕ್ ಆ್ಯಸಿಡ್ ಮಾತ್ರೆ ಬರೆದುಕೊಟ್ಟು, ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಬಹಳಷ್ಟು ತಿಳಿಯುತ್ತದೆ ಎಂದರು.

ಅಲ್ಲಿಯವರೆಗೂ ಯಾರಾದರೂ ಶುಭ ಹಾರೈಸಿದರೆ ನನಗೆ ಭಯವಾಗುತ್ತಿತ್ತು. ಮಗುವಿಗೆಂದು ಒಂದು ಬಟ್ಟೆಯನ್ನೂ ಕೊಳ್ಳಲಿಲ್ಲ.

ಸ್ಕ್ಯಾನ್ ಮಾಡುತ್ತಿದ್ದಾಕೆ ಒಂದೇ ಕಡೆ ಮತ್ತೆ ಮತ್ತೆ ಒತ್ತಿ ನೋಡಿದರು. "ಏನಾದ್ರೂ ಇದ್ಯಾ ಮೇಡಂ?" ಎಂದೆ.

"ಮಗು ಮಲಗಿರೋ ರೀತಿಗೆ ಬೆನ್ನು ಸರಿಯಾಗಿ ಕಾಣ್ತಿಲ್ಲ. ಸ್ವಲ್ಪ ಓಡಾಡ್ಕೊಂಡು ಬನ್ನಿ."

ಅತ್ತೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಎಳನೀರು ಕೊಡಿಸಿದರು. ಅವರು ರಸ್ತೆಯ ಕಡೆ ನೋಡುತ್ತಾ ಹೇಳಿದರು: "ನಿನ್ನ ಗಂಡ ಹೊಟ್ಟೇಲಿದ್ದಾಗ ನಂಗೆ ಟೈಫಾಯ್ಡ್ ಬಂದಿತ್ತು. ಡಾಕ್ಟ್ರು ಕೊಟ್ಟ ಮಾತ್ರೆ ತಗೊಂಡೆ. ಹೆರಿಗೆ ಆಗೋವರೆಗೂ ಯಾರ ಹತ್ರನೂ ಹೇಳ್ಕೊಳ್ಳದೆ ಹೆದರ್ತಾನೇ ಇದ್ದೆ. ಆ ಹೆದರಿಕೇಲೇ ಅವತ್ತು ನಿಂಗೆ ನಿಲ್ಸು ಅಂದೆ."

ನಾನು ಅವರ ಕೈ ಹಿಡಿದುಕೊಂಡೆ. ಎಳನೀರು ಮುಗಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದೆವು.

ಎರಡನೇ ಸಲ ಬೆನ್ನು ಕಂಡಿತು. "ಸರಿಯಾಗಿದೆ. ಹೃದಯ, ತುಟಿನೂ ಸರಿಯಾಗಿದೆ," ಎಂದರು ಆಕೆ. ನನಗೆ ಅಳು ಬಂದುಬಿಟ್ಟಿತು.

ಮಗಳು ಹುಟ್ಟಿದಳು, ಆರೋಗ್ಯವಾಗಿ. ಎದೆಹಾಲು ಕೊಡಬಹುದು, ಆದರೆ ನಿದ್ದೆ ಕೆಟ್ಟರೆ ಫಿಟ್ಸ್ ಬರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಫಿಟ್ಸ್ ಬಂದರೂ ಮಗು ಬೀಳದಿರಲೆಂದು ನಾನು ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಹಾಲುಣಿಸುತ್ತಿದ್ದೆ. ಅತ್ತೆ ಪಕ್ಕದಲ್ಲೇ ಕೂತಿದ್ದು, ಆಮೇಲೆ ಮಗುವನ್ನು ಎತ್ತಿಕೊಂಡು ನನ್ನನ್ನು ಮಲಗಲು ಕಳಿಸುತ್ತಿದ್ದರು. ಹೆರಿಗೆಯ ನಂತರ ಕಾಪರ್ ಟಿ ಹಾಕಿಸಿಕೊಂಡೆ. ನನ್ನ ಮಾತ್ರೆಯಿಂದ ಅದಕ್ಕೆ ತೊಂದರೆಯಿಲ್ಲ ಎಂದು ನರರೋಗದ ಡಾಕ್ಟರನ್ನೂ ಹೆರಿಗೆ ಡಾಕ್ಟರನ್ನೂ ಕೇಳಿ ಖಚಿತಪಡಿಸಿಕೊಂಡಿದ್ದೆ.

ಈಗಲೂ ಪಕ್ಕದ ಮನೆಯ ಮಗು ಆಡಿದ ಮಾತನ್ನು ನನ್ನ ಮಗಳು ಇನ್ನೂ ಆಡದಿದ್ದರೆ ನನಗೆ ದಿಗಿಲಾಗುತ್ತದೆ. ಮಕ್ಕಳ ಡಾಕ್ಟರು ನಗುತ್ತಾರೆ, ಎಲ್ಲ ಸರಿಯಾಗಿದೆ ಎನ್ನುತ್ತಾರೆ. ನಾನು ನಂಬುತ್ತೇನೆ, ಮನೆಗೆ ಬಂದು ಮತ್ತೆ ಅವಳ ಬಾಯನ್ನೇ ನೋಡುತ್ತಾ ಕೂರುತ್ತೇನೆ.